ಗಚ್ಚಿಯ ಮೇಲಿನ ಜೋಳಿಗೆ ಅಜ್ಜ

ಜೋಳಿಗೆ ಅಜ್ಜನನ್ನು ಹುಟ್ಟಿಸಿದವಳು ಭಾಮಾ. ಯಾರ ಬಾಯಿಂದಲೂ ಕೇಳಿ ಕಲಿತದ್ದಲ್ಲ. ಮರಾಠಿ ಹೂವಿನ ಹೆಸರಿಟ್ಟ ಮಗಳು ಸಾಯಲಿಗೆ ಮೂರು ವರ್ಷವಿದ್ದಾಗ ಒಂದು ಮಧ್ಯಾಹ್ನ, ಬಾಯಿಗಿಟ್ಟ ತುತ್ತನ್ನು ಅರ್ಧ ತಾಸು ನುಂಗದೆ ಕೂತ ಹುಡುಗಿಗೆ, "ನುಂಗ್ತೀಯೋ, ಇಲ್ಲಾ ಗಚ್ಚಿ ಮ್ಯಾಲಿನ ಜೋಳಿಗಿ ಅಜ್ಜಗ ಕೊಡ್ಲೋ?" ಎಂದುಬಿಟ್ಟಿದ್ದಳು.

ಗಚ್ಚಿ ಎಂದದ್ದಕ್ಕೂ ಕಾರಣವಿತ್ತು. ಕಾತ್ರಜದ ಆ ಹಳೆಯ ಕಟ್ಟಡದ ತುದಿಯ ಬಯಲು ಗಚ್ಚಿಯಲ್ಲಿ ಒಂದು ಕಡೆಯ ಅಂಚಿನ ಗೋಡೆ ಬಿದ್ದುಹೋಗಿತ್ತು. ಅಲ್ಲಿಂದ ನೋಡಿದರೆ ನಾಲ್ಕು ಮಹಡಿ ಕೆಳಗೆ ಸಾತಾರಾ ಕಡೆ ಹೋಗುವ ಬಸ್ಸುಗಳು ಕಾಣುತ್ತಿದ್ದವು. ಮೇಲಿನ ಬಾಗಿಲಿಗೆ ಚಿಲಕ ನಿಲ್ಲುತ್ತಿರಲಿಲ್ಲ. ಅಜ್ಜನೊಬ್ಬ ಅಲ್ಲಿದ್ದರೆ ಹುಡುಗಿ ಮೆಟ್ಟಿಲು ಹತ್ತುವುದಿಲ್ಲ, ಊಟವನ್ನೂ ಮಾಡುತ್ತಾಳೆ ಎಂದು ಭಾಮಾ ಎಣಿಸಿದ್ದಳು.

ಎರಡು ವರ್ಷ ಅಜ್ಜ ಚೆನ್ನಾಗಿಯೇ ದುಡಿದ. ಆಮೇಲೆ ಸಾಯಲಿ ನಿದ್ದೆಯಲ್ಲಿ ಚೀರತೊಡಗಿದಳು. ಐದು ವರ್ಷದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದಳು. ಎದುರು ಮನೆಯ ಮಾನಮ್ಮನೇ ಹೇಳಿದ್ದು: "ನಮ್ಮ ಕನ್ನಡ ಮಂಡಳದಾಗ ತಾಯಿ‑ತಂದಿಗೋಳಿಗೆ ಶಿಬಿರ ನಡಸ್ತಾರವಾ, ಐತವಾರಕ್ಕೊಮ್ಮೆ. ಹೋಗಿ ಬಾ."

ಶಿಬಿರ ನಡೆಸುವ ಜ್ಯೋತ್ಸ್ನಾ ಉಡುಪಿ ಕಡೆಯವರು, ಧ್ವನಿ ಏರಿಸದೆ ಮಾತಾಡುವ ಹೆಂಗಸು. ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿಸಿ, "ಮಕ್ಕಳನ್ನು ಏನು ಹೇಳಿ ಹೆದರಿಸ್ತೀರಿ? ನಾಚಿಕೆ ಬೇಡ," ಎಂದು ಕೇಳಿದರು. ಒಬ್ಬರು ಪೊಲೀಸ ಎಂದರು, ಒಬ್ಬರು ಸೂಜಿ ಎಂದರು. ರಿಕ್ಷಾ ಓಡಿಸುವ ಹುಸೇನಪ್ಪ ಎದ್ದು ನಿಂತು, "ನಾ ಅಂತೂ ಅವರವ್ವನ್ನ ತೋರಸ್ತೀನ್ರಿ," ಎಂದ. ಪಕ್ಕದಲ್ಲೇ ಕೂತಿದ್ದ ಹೆಂಡತಿ, "ಮನೀಗೆ ನಡೀರಿ, ನಿಮಗೂ ತೋರಸ್ತೀನಿ," ಎಂದಳು. ಸಭೆಯೆಲ್ಲ ನಗೆ.

ಭಾಮಾ ತನ್ನ ಅಜ್ಜನ ಸಂಗತಿ ಹೇಳಿದಳು. ಜ್ಯೋತ್ಸ್ನಾ ನಗಲಿಲ್ಲ. "ಇವತ್ತೇ ಹೇಳಿ, ಅವನಿಲ್ಲ, ನಾನು ಸುಳ್ಳು ಹೇಳಿದ್ದೆ ಅಂತ. ಮಗುವಿನ ಹತ್ತಿರ ಕ್ಷಮೆ ಕೇಳಿ," ಎಂದರು.

ಭಾಮಾ ಮನೆಗೆ ಬಂದವಳೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ಜೋಳಿಗಿ ಅಜ್ಜ ಇಲ್ಲವಾ. ಮಮ್ಮಿ ಸುಳ್ಳ ಹೇಳಿದ್ಲು. ತಪ್ಪಾತು. ಇನ್ನ ಅಂಜಬ್ಯಾಡ."

ಸಾಯಲಿಗೆ ಆಶ್ಚರ್ಯವೇನೂ ಆಗಲಿಲ್ಲ. "ಗೊತ್ತದ. ನೀ ಹಿಂಗ ಅಂತೀ ಅಂತ ಅಂವಾ ಮೊದಲ ಹೇಳಿದ್ದಾ."

ಭಾಮಾಳ ಗಂಡ, ಬಾಳು ಎಂಬವನು, ಬಾರಾಮತಿಯ ಕಾರ್ಖಾನೆಯಲ್ಲಿದ್ದವನು, ವಾರಕ್ಕೊಮ್ಮೆ ಮನೆಗೆ ಬರುವವನು. "ನಿನಗಿಂತ ಶಾಣ್ಯಾ ಇದ್ದಾಳ ಬಿಡು," ಎಂದು ನಕ್ಕ. ಭಾಮಾಳಿಗೆ ನಗು ಬರಲಿಲ್ಲ.

ಆ ವಾರ ಚೀರಾಟ ನಿಂತಿತು. ಹಾಸಿಗೆ ಒಣಗಿದ್ದೇ ಇರುತ್ತಿತ್ತು. ಹೇಳಿಸಿಕೊಳ್ಳದೆ ಊಟ ಮಾಡುತ್ತಿದ್ದಳು, ಇನ್ನೊಂದು ರೊಟ್ಟಿ ಹಾಕು ಎಂದೂ ಕೇಳುತ್ತಿದ್ದಳು. ಗುರುವಾರ ಭಾಮಾ ಬಟ್ಟೆ ಹಿಂಡಿ ಬಚ್ಚಲಿನಿಂದ ಹೊರಗೆ ಬಂದರೆ ಹುಡುಗಿ ಮನೆಯಲ್ಲಿಲ್ಲ. ಒದ್ದೆ ಕಾಲಲ್ಲೇ ಮೆಟ್ಟಿಲು ಹತ್ತಿ ಓಡಿದಳು.

ಬಿದ್ದ ಗೋಡೆಯಿಂದ ಎರಡು ಮೊಳ ಈಚೆಗೆ ಸಾಯಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಂದೆ ತಾಟು, ತಾಟಿನಲ್ಲಿ ಅರ್ಧ ರೊಟ್ಟಿ. ಬಯಲಿನ ಕಡೆ ಮುಖ ಮಾಡಿ ಏನೋ ಮಾತಾಡುತ್ತಿದ್ದಳು. ಭಾಮಾ ಅವಳನ್ನು ಬಾಚಿ ಎತ್ತಿಕೊಂಡಳು.

"ಇಲ್ಲಿಗೆ ಬರಾಕ ಅಂಜಿಕಿ ಬರಲಿಲ್ಲೇನ?"

"ಅಂಜಬ್ಯಾಡ ಅಂತ ನೀನ ಹೇಳಿದ್ಯಲ್ಲ. ಅಂವಗ ಭಾಳ ಹಸಿವಿ ಮಮ್ಮಿ. ಎರಡ ವರ್ಷ ಕೊಡ್ತೀನಿ, ಕೊಡ್ತೀನಿ ಅಂದಿ. ಒಂದ ದಿನಾನೂ ಕೊಡಲಿಲ್ಲ."

ಅಂದು ಸಂಜೆ ಭಾಮಾ ಗಚ್ಚಿಯ ಬಾಗಿಲನ್ನು ನೈಲಾನ್ ಹಗ್ಗದಿಂದ ಬಿಗಿದಳು, ಐದು ಗಂಟು ಹಾಕಿ. ಬೆಳಿಗ್ಗೆ ಹೋಗಿ ನೋಡಿದರೆ ಹಗ್ಗ ಮೆಟ್ಟಿಲ ಮೇಲೆ ಬಿದ್ದಿತ್ತು. ಎಲ್ಲೂ ಹರಿದಿರಲಿಲ್ಲ. ಐದೂ ಗಂಟು ಹಾಕಿದಂತೆಯೇ ಇದ್ದವು.

ಮುಂದಿನ ಭಾನುವಾರ ಶಿಬಿರದಲ್ಲಿ ಹಗ್ಗದ ಮಾತನ್ನು ಭಾಮಾ ಯಾರಿಗೂ ಹೇಳಲಿಲ್ಲ. ಉಳಿದದ್ದನ್ನು ಕೇಳಿ ಜ್ಯೋತ್ಸ್ನಾ, "ಮಗು ಅವನನ್ನು ಗೆಳೆಯ ಮಾಡಿಕೊಂಡಿದೆ. ಕೈ ಹಿಡಿದುಕೊಂಡು ಜೊತೆಗೆ ಹೋಗಿ, ಊಟ ಕೊಟ್ಟು ಕಳಿಸಿಕೊಡಿ. ಮುಗಿಯುತ್ತದೆ," ಎಂದರು.

ಸೋಮವಾರ ಮಧ್ಯಾಹ್ನ ಬಿಸಿ ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ ತಾಟಿಗೆ ಹಾಕಿಕೊಂಡು ತಾಯಿ ಮಗಳು ಮೇಲೆ ಹತ್ತಿದರು. ಕಣ್ಣು ಬಿಡಲಾಗದ ಬಿಸಿಲು. ನೀರಿನ ಟಾಕಿಯ ನೆರಳಲ್ಲಿ ತಾಟು ಇಟ್ಟು ಭಾಮಾ, "ಟಾಟಾ ಅನ್ನವಾ ಅಜ್ಜಗ," ಎಂದಳು.

ಸಾಯಲಿ ಕತ್ತು ಓರೆ ಮಾಡಿ ಕೇಳಿಸಿಕೊಂಡಳು. "ನಾ ಅಂದ್ರ ಹೋಗಂಗಿಲ್ಲಂತ. ಕರದಾಕಿ ನಿಮ್ಮವ್ವ, ಆಕಿನ ಹೇಳ್ಲಿ ಅಂತಾನ."

ಆಗ ಭಾಮಾ ನೋಡಿದಳು. ಮಗಳ ಬಲಗೈ ತನ್ನ ಕೈಯಲ್ಲಿತ್ತು. ಎಡಗೈ ಗಾಳಿಯಲ್ಲಿ ಹೆಗಲ ಎತ್ತರಕ್ಕೆ ಎದ್ದಿತ್ತು, ಬೆರಳುಗಳು ಯಾರದೋ ಬೆರಳನ್ನು ಹಿಡಿದಂತೆ ಮಡಚಿದ್ದವು. ಆ ಕಡೆಗೆ ಹುಡುಗಿ ಒಂದು ಹೆಜ್ಜೆ ಸರಿದಳು. ಆ ಕಡೆಗೇ ಗೋಡೆ ಇರಲಿಲ್ಲ.

"ಅಜ್ಜಾರ," ಎಂದಳು ಭಾಮಾ. "ನಂದ ತಪ್ಪಾತ್ರಿ. ಹಸದೀರಿ. ಉಂಡು ಹೋಗ್ರಿ."

"ಎಲ್ಲಿಗೆ ಹೋಗ್ಲಿ ಅಂತಾನ ಮಮ್ಮಿ. ಯಾರ ಮನೀಗೆ ಅಂತ ಕೇಳಾಕತ್ತಾನ."

ಭಾಮಾಳ ಬಾಯಿಗೆ ಹೆಸರುಗಳು ಬಂದವು. ಮಾನಮ್ಮನ ಮನೆ ಎನ್ನಬಹುದಿತ್ತು, ಅಲ್ಲಿ ಮೊಮ್ಮಗನಿದ್ದ. ಹುಸೇನಪ್ಪನ ಮನೆ ಎನ್ನಬಹುದಿತ್ತು. ಜೇಜುರಿಯ ಗುಡಿಗೆ ಹೋಗ್ರಿ ಎನ್ನೋಣವೆಂದರೆ ಅಲ್ಲಿಯೂ ಜನ ಮಕ್ಕಳನ್ನು ಹೆಗಲ ಮೇಲೆ ಹೊತ್ತೇ ಬರುತ್ತಾರೆ. ಯಾವ ಊರ ಹೆಸರು ಹೇಳಿದರೂ ಅಲ್ಲೊಂದು ತುತ್ತು ನುಂಗದ ಕೂಸು ಇದ್ದೇ ಇರುತ್ತದೆ. ಸಾಯಲಿ ಇನ್ನೊಂದು ಹೆಜ್ಜೆ ಸರಿದಳು. ಭಾಮಾಳ ಹಿಡಿತದಲ್ಲಿ ಆ ಸಣ್ಣ ಮುಂಗೈ ಬೆವರಿ ಜಾರುತ್ತಿತ್ತು.

"ಆಕಿ ಕೈ ಬಿಡ್ರಿ!" ಎಂದು ಕೂಗಿದಳು. ಆಮೇಲೆ ಮೆತ್ತಗೆ, "ಎಲ್ಲಿಗೂ ಹೋಗಬ್ಯಾಡ್ರಿ. ನನ್ನ ಕೂಡ ಇರ್ರಿ. ಎರಡೂ ಹೊತ್ತು ಊಟಾ ಹಾಕ್ತೀನಿ. ಹುಡುಗೀ ಜೋಡಿ ಮಾತ್ರ ಮಾತಾಡಬ್ಯಾಡ್ರಿ. ಏನಿದ್ರೂ ನನಗ ಹೇಳ್ರಿ," ಎಂದಳು.

ಎಡಗೈ ತಟ್ಟನೆ ಕೆಳಗೆ ಬಿತ್ತು. ಸಾಯಲಿ ಅದನ್ನು ನೀವಿಕೊಳ್ಳುತ್ತ ಸುತ್ತ ನೋಡಿದಳು. "ಇಲ್ಲಿ ಯಾಕ ಬಂದ್ವಿ? ಕಾಲ ಸುಡಾಕತ್ತಾವು," ಎಂದವಳೇ ಕೆಳಗೆ ಓಡಿದಳು.

ಭಾಮಾ ತಾಟು ಎತ್ತಿಕೊಂಡು ಹಿಂದೆಯೇ ಇಳಿದಳು, ತಾಟಿನ ಕಡೆ ನೋಡದೆ. ಮನೆಯಲ್ಲಿ ಟಿವಿ ಆಗಲೇ ಹತ್ತಿತ್ತು.

"ಮಮ್ಮಿ, ಬಾಗಲಾ ಹಾಕು, ನೊಣಾ ಬರ್ತಾವು!"

"ಹಾಕ್ತೀನಿ ತಡಿಯವಾ," ಎಂದಳು ಭಾಮಾ. ವಯಸ್ಸಾದವರಿಗೆ ಮೆಟ್ಟಿಲು ಇಳಿಯಲು ಹೊತ್ತು ಹಿಡಿಯುತ್ತದೆ. ಬಾಗಿಲನ್ನು ಹಿಡಿದುಕೊಂಡು, ಒಳಗೆ ಬರುವವರಿಗೆ ದಾರಿ ಬಿಟ್ಟು, ಗೋಡೆಗೆ ಒತ್ತಿ ನಿಂತಳು.