ಎಪ್ಪತ್ತಾರು ದಿನ ಮೀನಿಲ್ಲದ ತೊಟ್ಟಿ

ಅಕ್ಟೋಬರ್ ತಿಂಗಳ ಮೊದಲ ಶುಕ್ರವಾರ, ಮೇಪಲ್ ಎಲೆ ಕೆಂಪಾಗುವ ಕಾಲ, ದೀಪ ಹಚ್ಚುವ ಹೊತ್ತು. ರಾಚೆಸ್ಟರ್ ಹಿಲ್ಸ್‌ನ ಮನೆಯ ಗರಾಜಿಗೆ ಈರೇಶನ ಕಾರು ಬಂತು. ಬೆಳಿಗ್ಗೆ ಎದ್ದವನೇ ಶಿಕಾಗೋ ಕಡೆಯ ನೇಪರ್‌ವಿಲ್‌ಗೆ ಹೋಗಿ, ಮತ್ತೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದಿದ್ದ. ತಂದದ್ದು ಒಂದು ಮೀನು. ಅಂಗೈ ಅಗಲ, ಆಕಾಶದ ನೀಲಿ. ಅಲ್ಲಿಯ ತಿರುಮಲೇಶ ಎಂಬಾತ ಊರು ಬದಲಾಯಿಸುತ್ತಿದ್ದ, ತನ್ನ ಮೀನುಗಳನ್ನೆಲ್ಲ ಮಾರುತ್ತಿದ್ದ.

"ಮಾಮಾ, ಇದನ್ನ ನಾಕು ವಾರ ಬೇಸ್‌ಮೆಂಟಿನಾಗ ಬ್ಯಾರೆ ಇಡಬೇಕು. ಹೊಸಾ ಮೀನು ಏನರ ರೋಗ ತಂದಿರ್ತಾವು," ಎಂದ ಈರೇಶ, ಬೂಟು ಬಿಚ್ಚುತ್ತ.

ಮಾವ ದಾನಪ್ಪನಿಗೆ ಎಪ್ಪತ್ತೆಂಟು ವರ್ಷ. ರಾಣೆಬೆನ್ನೂರು ಕಡೆಯ ಊರಿನಲ್ಲಿ ಕೆರೆಯ ತೂಬು ಕಾಯುವ ನೀರಗಂಟಿಯಾಗಿದ್ದವನು, ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮಗಳು ಶಾಂಭವಿಯ ಮನೆಯಲ್ಲಿ ಆರು ವರ್ಷದಿಂದ ಇದ್ದಾನೆ. ಮಾತು ಕಡಿಮೆ. ಆ ಹೊತ್ತು ಮಾತ್ರ ಯಾಕೆ ಬಾಯಿ ತೆರೆದನೋ.

"ಶುಕ್ರವಾರ ದೀಪಾ ಹಚ್ಚೂ ಹೊತ್ತಿಗೆ ಮನಿಗೆ ಬಂದಾಕಿನ್ನ ನೆಲಮನಿಗೆ ಕಳಸ್ತೀಯೇನು? ಮೊದ್ಲ ಮನಿ ತುಂಬಿಸ್ಕೋ."

"ಇದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ, ಮಾಮಾ."

"ಹಂಗಾರ ಅಳಿಯಾ ಅಂದ್ಕೋ. ಅಳಿಯನ್ನೇನು ನಾ ಬೇಸ್‌ಮೆಂಟಿನಾಗ ಇಟ್ಟಿದ್ನ್ಯಾ?"

ಈರೇಶ ನಕ್ಕುಬಿಟ್ಟ. ಆ ನಗೆಯೇ ಕೆಲಸ ಕೆಡಿಸಿತು. ಗಾಜಿಗೆ ಒಂದು ಬೊಟ್ಟು ಕುಂಕುಮ ಹಚ್ಚಿ, ಆರತಿ ಎತ್ತಿ, ನೀಲಿ ಮೀನನ್ನು ನಡುಮನೆಯ ದೊಡ್ಡ ತೊಟ್ಟಿಗೆ ಇಳಿಸಿದರು.

ಆ ತೊಟ್ಟಿ ಸಣ್ಣದಲ್ಲ. ನೂರಿಪ್ಪತ್ತು ಗ್ಯಾಲನ್ ಉಪ್ಪುನೀರು, ಕಲ್ಲು, ಹವಳ, ಸಿಗಡಿ, ಬಸವನಹುಳು, ಐದು ಮೀನು. ಅವುಗಳಲ್ಲಿ ಒಂದು ಹಳದಿ ಮೀನು ದಾನಪ್ಪನದು. ದುಡ್ಡು ಕೊಟ್ಟವನು ಈರೇಶ, ಆದರೆ ದಿನಾ ಹತ್ತು ಗಂಟೆಗೆ ಅದು ಬಂದು ಸಮುದ್ರದ ಸೊಪ್ಪನ್ನು ಕಿತ್ತುಕೊಳ್ಳುತ್ತಿದ್ದದ್ದು ದಾನಪ್ಪನ ಬೆರಳಿನಿಂದ. ಅದಕ್ಕೆ ಅರಿಶಿನಿ ಎಂದು ಹೆಸರಿಟ್ಟಿದ್ದ. ಬೇರೆಯವರು ಕೈ ಇಟ್ಟರೆ ಅರಿಶಿನಿ ಹಿಂಬದಿ ತೋರಿಸಿ ಹೋಗುತ್ತಿತ್ತು.

ಎಂಟನೆಯ ದಿನ ಅರಿಶಿನಿ ಸೊಪ್ಪಿಗೆ ಬರಲಿಲ್ಲ. ಕಲ್ಲಿಗೆ ಮೈ ತಿಕ್ಕುತ್ತಿತ್ತು. ಮೈತುಂಬ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ನೀಲಿ ಮೀನಿನ ಮೇಲೆ ಇನ್ನೂ ಹೆಚ್ಚು.

ಶಾಂಭವಿ ಆಸ್ಪತ್ರೆಯಿಂದ ಬಂದು ನೋಡಿದಳು. ಅವಳು ಡಾಕ್ಟರು. "ನನ್ನ ಪೇಶಂಟ್ ಯಾರರ ಹಿಂಗ ಮಾಡಿದ್ರ ಬೈದು ಕಳಸ್ತಿದ್ದೆ. ಈ ಮನಿಯಾಗ ಇಬ್ರು ಬುದ್ಧಿವಂತರು ಕೂಡಿ ರೋಗಕ್ಕ ಕುಂಕುಮಾ ಹಚ್ಚಿ ಒಳಗ ಕರಕೊಂಡಾರ."

ಈರೇಶ ತಪ್ಪನ್ನು ಮಾವನ ಮೇಲೆ ಹಾಕಲಿಲ್ಲ. ಹಾಕಿದ್ದರೆ ದಾನಪ್ಪನಿಗೆ ಹಗುರಾಗುತ್ತಿತ್ತು.

ಅಕ್ಟೋಬರ್ ಹನ್ನೆರಡು, ಭಾನುವಾರ, ಆರೂ ಮೀನುಗಳನ್ನು ಬಲೆಯಲ್ಲಿ ಹಿಡಿದು ಬೇಸ್‌ಮೆಂಟಿನ ಎರಡು ಪ್ಲಾಸ್ಟಿಕ್ ಡಬ್ಬಿಗಳಿಗೆ ಸಾಗಿಸಿದರು. ನೀಲಿಗೆ ಒಂದು, ಉಳಿದ ಐದಕ್ಕೆ ಒಂದು. ಅಲ್ಲಿ ತಾಮ್ರದ ಔಷಧ. ಅದನ್ನು ಮೇಲಿನ ತೊಟ್ಟಿಗೇ ಹಾಕೋಣವೆಂದರೆ ಸಿಗಡಿ, ಹವಳ ಸತ್ತುಹೋಗುತ್ತವೆ. ಈರೇಶ ಬಿಡಿಸಿ ಹೇಳಿದ: "ಆ ಚುಕ್ಕಿ ರೋಗದ ಹುಳದ ತತ್ತಿ ಮ್ಯಾಲಿನ ತೊಟ್ಟಿ ಉಸುಕಿನಾಗ ಕುಂತಾವು, ಮಾಮಾ. ಒಡದು ಹೊರಗ ಬಂದು ಮೀನು ಹುಡುಕ್ತಾವು. ಸಿಗ್ಲಿಲ್ಲಂದ್ರ ಸಾಯ್ತಾವು. ಎಪ್ಪತ್ತಾರು ದಿನ ತೊಟ್ಟ್ಯಾಗ ಒಂದೂ ಮೀನು ಇರಬಾರ್ದು."

ಇದನ್ನು ದಾನಪ್ಪನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವನ ಅಮ್ಮ ಕಂಡ ಪ್ಲೇಗಿನ ಕಾಲವೂ ಇದೇ. ಇಲಿ ಬಿದ್ದವೆಂದರೆ ಇಡೀ ಊರು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿತ್ತು. ರೋಗ ಖಾಲಿ ಮನೆಗಳಲ್ಲಿ ಹುಡುಕಿ ಹುಡುಕಿ ಸಾಯಬೇಕು. ಒಬ್ಬ ಕೊಟ್ರಪ್ಪ ಮಾತ್ರ, ಹೊಸ ಕಂಬಳಿ ಮನೆಯಲ್ಲೇ ಉಳಿಯಿತೆಂದು ಇಪ್ಪತ್ತನೆಯ ದಿನ ಊರೊಳಗೆ ಹೋಗಿ ಬಂದ. ಆ ಕಂಬಳಿಯನ್ನು ಆಮೇಲೆ ಅವನ ಮೇಲೆಯೇ ಹೊದಿಸಿದರಂತೆ.

ಬೇಸ್‌ಮೆಂಟಿನ ಗೋಡೆಯ ಮೇಲೆ ದಾನಪ್ಪ ದಿನಕ್ಕೊಂದು ಸೀಮೆಸುಣ್ಣದ ಗೆರೆ ಎಳೆಯತೊಡಗಿದ. ಕೆಳಗಿನ ಡಬ್ಬಿಯಲ್ಲಿ ಅದ್ದಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಯಾರನ್ನೂ ಮೇಲಿನ ತೊಟ್ಟಿಯ ಹತ್ತಿರ ಬಿಡುತ್ತಿರಲಿಲ್ಲ. ಹದಿನೈದನೆಯ ಗೆರೆಗೆ ಅರಿಶಿನಿಯ ಚುಕ್ಕೆ ಉದುರಿದವು. ಇಪ್ಪತ್ತರ ಹೊತ್ತಿಗೆ ಸೊಪ್ಪು ತಿಂದಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಈರೇಶ ನೀಲಿ ಮೀನಿನ ಸುದ್ದಿಯನ್ನು ಷರೀಫನ ಮುಂದೆ ಎಂದೋ ಹೇಳಿಬಿಟ್ಟಿದ್ದ. ಷರೀಫ್ ಹಾವೇರಿಯವನು, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಿರಾಣಿ ಅಂಗಡಿ. ಅವನ ಮನೆಯಲ್ಲೂ ಉಪ್ಪುನೀರಿನ ತೊಟ್ಟಿ, ಈರೇಶನದಕ್ಕಿಂತ ಮೂವತ್ತು ಗ್ಯಾಲನ್ ದೊಡ್ಡದು. ಆ ಮೂವತ್ತು ಗ್ಯಾಲನ್ ಈರೇಶನ ಗಂಟಲಲ್ಲಿ ಎರಡು ವರ್ಷದಿಂದ ಸಿಕ್ಕಿಕೊಂಡಿತ್ತು. ನವೆಂಬರ್ ಇಪ್ಪತ್ತೆರಡರ ಶನಿವಾರ ಈರೇಶನ ಮನೆಯಲ್ಲಿ ರಾಜ್ಯೋತ್ಸವದ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ಎಲ್ಲರೂ ಬರುವವರು, ಷರೀಫನೂ.

ಅಂದು ಬೆಳಿಗ್ಗೆ ಗೋಡೆಯ ಮೇಲೆ ನಲವತ್ತೊಂದು ಗೆರೆ. ಈರೇಶ ಬಕೆಟ್ಟು, ಬಲೆ ಹಿಡಿದು ಕೆಳಗೆ ಬಂದ. ದಾನಪ್ಪ ಮೆಟ್ಟಿಲಿನ ನಡುವೆ ಕೂತಿದ್ದ.

"ಸರೀರಿ ಮಾಮಾ. ಎಲ್ಲಾ ಆರಾಮಾಗ್ಯಾವು. ಇವತ್ತೊಂದಿನ ಮ್ಯಾಲೆ ಬಿಟ್ಟು ರಾತ್ರಿ ವಾಪಸ್ ತಂದ್ರಾತು."

"ಮೀನು ಆರಾಮಾಗ್ಯಾವು. ತೊಟ್ಟಿ ಆಗೇತೇನು?"

"ನಲವತ್ತು ದಿನ ಸಾಕಂತ ಕೆಲವ್ರು ಬರದಾರ."

"ಕೊಟ್ರಪ್ಪನೂ ಸಾಕಂದಿದ್ದ."

"ಯಾವ ಕೊಟ್ರಪ್ಪ?"

ದಾನಪ್ಪ ಕೈ ಚಾಚಿದ. ಅಳಿಯನ ಕೈಯಿಂದ ಬಲೆ ತೆಗೆದುಕೊಂಡ. "ಒಮ್ಮೆ ನನ್ನ ಮಾತು ಕೇಳಿ ಕೆಟ್ಟಿ. ಇದೊಮ್ಮೆ ಕೇಳು. ಬಂದ ಮಂದಿಗೆ ಮೀನು ಕಾಣಬೇಕು, ಅಷ್ಟ ಹೌದಲ್ಲೋ? ನಾ ತೋರಸ್ತೀನಿ."

"ಇಲ್ಲದ ಮೀನಾ?"

"ಅದನ್ನ ನನಗ ಬಿಡು."

ಬರಗಾಲದ ವರ್ಷ ಕೆರೆ ನೋಡಲು ಬಂದ ಸಾಹೇಬರಿಗೆ ಇಲ್ಲದ ನೀರನ್ನು ತೋರಿಸಿ ಕಳಿಸಿದ ಅನುಭವ ಅವನಿಗಿತ್ತು. ಈರೇಶನಿಗೆ ನಂಬಿಕೆ ಬರಲಿಲ್ಲ. ಆದರೆ ಬಲೆ ಮಾವನ ಕೈಯಲ್ಲಿತ್ತು, ಮಾವ ಮೆಟ್ಟಿಲಿನಲ್ಲಿದ್ದ.

ಸಂಜೆ ದಾನಪ್ಪ ಒಗೆದ ಧೋತರ ಉಟ್ಟು ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡ. ದೀಪವನ್ನು ಅರ್ಧಕ್ಕೆ ಇಳಿಸಿದ. ಜನ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಒಬ್ಬೊಬ್ಬರಾಗಿ ಬಂದರು.

"ಮೀನೆಲ್ಲಿ ಅಂಕಲ್?" ಎಂದಳು ನಾರ್ತ್‌ವಿಲ್‌ನಿಂದ ಬಂದ ಅನಸೂಯ.

"ಈಗಿನ್ನ ಹೋತವ್ವಾ, ಆ ಕಲ್ಲಿನ ಹಿಂದ. ಭಾಳ ನಾಚಿಕಿ ಅದಕ್ಕ. ಸಮಾಧಾನ ಇದ್ದೋರಿಗಷ್ಟ ಕಾಣತೈತಿ."

ಅನಸೂಯ ಸಮಾಧಾನದಿಂದ ನಿಂತಳು. ಕಲ್ಲಿನ ಸಂದಿಯಲ್ಲಿ ಸಿಗಡಿ ಮೀಸೆ ಅಲ್ಲಾಡಿಸಿತು. "ಬಾಲ ಕಾಣಿಸ್ತು ಕಣ್ರೀ!"

ಅವಳ ಗಂಡ ಜಗನ್ನಾಥ ಹೆಂಡತಿಗಿಂತ ಹಿಂದೆ ಬೀಳುವವನಲ್ಲ. "ಬಾಲ ಏನು, ನಾನು ಪೂರ್ತಿ ನೋಡ್ದೆ. ಶಿಕಾಗೋ ಅಕ್ವೇರಿಯಮ್‌ನಲ್ಲಿ ಇರೋದು ಇದರ ಅರ್ಧ." ಫೋಟೋ ಬೇರೆ ತೆಗೆದ. ಊಟ ಮುಗಿಯುವುದರೊಳಗೆ ನೀಲಿ ಮೀನು ಒಂದಡಿ ಉದ್ದ ಬೆಳೆದಿತ್ತು. ನೋಡಿಲ್ಲವೆಂದು ಹೇಳುವವರು ಯಾರೂ ಉಳಿಯಲಿಲ್ಲ. ಈರೇಶ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಮುಖ ಮರೆಸಿಕೊಂಡಿದ್ದ.

ಕೊನೆಗೆ ಷರೀಫ್ ಬಂದ. ಅವನು ಬಗ್ಗಿ ಗಾಜಿನ ನಾಲ್ಕೂ ಮೂಲೆ ನೋಡಿದ. ಉಸುಕು ನೋಡಿದ. ಮೀನು ಮೇಯದೆ ಕಲ್ಲಿನ ಮೇಲೆ ಸೊಂಪಾಗಿ ಬೆಳೆದ ಪಾಚಿ ನೋಡಿದ. ಗೊತ್ತಿದ್ದವನ ಕಣ್ಣು ಅದು. ದಾನಪ್ಪ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಸರಿಸಿಕೊಂಡ. ಇವನೊಬ್ಬ ಬಾಯಿ ಬಿಟ್ಟರೆ ಅಳಿಯ ರೋಷಕ್ಕೆ ಈಗಲೇ ಬಲೆ ಹುಡುಕುತ್ತಾನೆ, ನಾಳೆ ಅರಿಶಿನಿಯ ಮೈಮೇಲೆ ಮತ್ತೆ ರವೆ.

ಷರೀಫ್ ಅವನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, "ಮಸ್ತ್ ಐತಿ ಈರೇಶಣ್ಣ, ನೀಲಿ ಅಂದ್ರ ನೀಲಿ," ಎಂದ.

ಜನ ಸಿಹಿಯ ಕಡೆ ಹೊರಟ ಮೇಲೆ ಕುರ್ಚಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಎಷ್ಟನೇ ದಿನಾ, ಅಜ್ಜಾರ?"

"ನಲವತ್ತೊಂದು."

"ನಮ್ಮದು ಇಪ್ಪತ್ತು."

ದಾನಪ್ಪ ತಿರುಗಿ ನೋಡಿದ.

"ಈರೇಶಣ್ಣ ಅಷ್ಟು ಹೊಗಳಿದ್ನಲ್ಲ, ನಾನೂ ಆ ತಿರುಮಲೇಶನ ಕಡೆ ಹೋಗಿ ಒಂದು ತಂದೆ. ಬ್ಯಾರೆ ಇಡ್ಲಿಲ್ಲ. ನಮ್ಮ ಮನಿಯಾಕಿ ನೂರ್‌ಜಹಾನ್ ಬ್ಯಾಡ ಅಂದ್ಲು, ಬಂದ ಮೆಹಮಾನ್‌ನ ಗರಾಜಿನಾಗ ಮಲಗಿಸ್ತೀರೇನು ಅಂತ." ಷರೀಫ್ ದನಿ ತಗ್ಗಿಸಿದ. "ಅದು ಹೋತು. ಉಳಿದವು ಕೆಳಗ ಅದಾವು. ಈರೇಶಣ್ಣಗ ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲಿ. ನನಗ ಮಾತು ಬಂದರಲ್ಲ ಹೇಳೂದು."

ಅಲ್ಲಿಂದ ಮುಂದೆ ಡಿಸೆಂಬರ್ ಪೂರ್ತಿ ದಾನಪ್ಪನಿಗೆ ಒಳ್ಳೆಯ ಮೋಜು. ವಾರಕ್ಕೆ ಎರಡು ಸಲ ಈರೇಶ ಫೋನಿನಲ್ಲಿ ತನ್ನ ಮೀನು ಹೇಗೆ ಈಜುತ್ತಿದೆ ಎಂದು ಷರೀಫನಿಗೆ ಹೇಳುತ್ತಿದ್ದ, ಷರೀಫ್ ತನ್ನದು ಹೇಗೆ ಮೇಯುತ್ತಿದೆ ಎಂದು ಇವನಿಗೆ ಹೇಳುತ್ತಿದ್ದ. ಎರಡು ಖಾಲಿ ತೊಟ್ಟಿಗಳ ನಡುವೆ ಪೈಪೋಟಿ ನಡೆದಿತ್ತು. ದಾನಪ್ಪ ಪಕ್ಕದಲ್ಲಿ ಕೂತು ಚಹ ಕುಡಿಯುತ್ತಿದ್ದ.

ಡಿಸೆಂಬರ್ ಇಪ್ಪತ್ತೇಳರಂದು ಎಪ್ಪತ್ತಾರನೆಯ ಗೆರೆ ಬಿತ್ತು. ಐದು ಮೀನುಗಳನ್ನು ಮೇಲೆ ತಂದರು. ಅರಿಶಿನಿ ಒಂದು ಸುತ್ತು ಹಾಕಿ ಕಲ್ಲಿನ ಪಾಚಿಯನ್ನೆಲ್ಲ ಪರೀಕ್ಷೆ ಮಾಡಿ, ಹತ್ತು ಗಂಟೆಗೆ ಸರಿಯಾಗಿ ದಾನಪ್ಪನ ಬೆರಳಿಗೆ ಬಂತು. ಚುಕ್ಕೆ ಒಂದೂ ಇರಲಿಲ್ಲ. ಅವನು ಗಾಜಿಗೆ ಹಣೆ ಆನಿಸಿ ಅದು ಮೇಯುವುದನ್ನು ನೋಡಿದ.

ನೀಲಿ ಮೀನನ್ನೂ ಬಿಟ್ಟು ನೋಡಿದರು. ಅದು ನೇರ ಅರಿಶಿನಿಯ ಬಾಲ ಕಚ್ಚಲು ಹೋಯಿತು. ಮತ್ತೆ ಕೆಳಗಿಳಿಸಿದರು.

"ಯಾರಿಗರ ಕೊಡಬೇಕು," ಎಂದ ಈರೇಶ ಬೇಸರದಿಂದ.

"ಷರೀಫಗ ಕೊಡು. ಜನವರಿ ಹದಿನೇಳಕ್ಕ ಬಾ ಅನ್ನು."

"ಹದಿನೇಳಕ್ಕ ಯಾಕ?"

"ದಿನಾ ಚಲೋ ಐತಿ," ಎಂದ ದಾನಪ್ಪ. ಷರೀಫನ ತೊಟ್ಟಿಗೆ ಎಪ್ಪತ್ತಾರು ತುಂಬುವುದು ಅಂದೇ.

ಷರೀಫ್ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಮುಚ್ಚಳದ ಬಕೆಟ್ಟು ಹಿಡಿದು ಬಂದ. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಈರೇಶ ಮೀನು ಹಿಡಿದುಕೊಟ್ಟು, "ನಿನ್ನ ನೀಲಿ ಜೋಡಿ ಜಗಳಾಡಂಗಿಲ್ಲೇನು?" ಎಂದು ಕೇಳಿದ. ಷರೀಫ್ ದಾನಪ್ಪನ ಕಡೆ ನೋಡಿದ. ದಾನಪ್ಪ ಮೇಪಲ್ ಮರದ ಬೋಳು ಕೊಂಬೆ ನೋಡುತ್ತಿದ್ದ.

"ಜಗಳಾಡಂಗಿಲ್ಲ," ಎಂದ ಷರೀಫ್. "ನಮ್ಮದು ಭಾಳ ನಾಚಿಕಿದು."

ಹೀಗೆ ನೀಲಿ ಮೀನು ಆ ಮನೆಯಿಂದ ಹೋಯಿತು, ಜನವರಿ ಹದಿನೇಳರ ಶನಿವಾರ, ಮಧ್ಯಾಹ್ನ.