ಬೀಡಿಗೊಂದು ನೆಲ್ಲಿಕಾಯಿ

ಗಂಡಸಿ ಹೋಬಳಿಯ ಚರಿತ್ರೆ ಬರೆಯುವವರು ಈ ಸಂಗತಿಯನ್ನು ಬಿಡುವಂತಿಲ್ಲ: ಗೌರಿಹಬ್ಬದವರೆಗೆ ಬರಬೇಕಿದ್ದ ಬೀರಮ್ಮನ ನೆಲ್ಲಿಕಾಯಿ ಉಪ್ಪಿನಕಾಯಿ ಯುಗಾದಿಗೇ ತಳ ಕಂಡಿತು.

ಕಳ್ಳ ದೂರದವನಲ್ಲ. ಗಂಡ ಸಣ್ಣಯ್ಯ ಭರಣಿಯೊಳಗೆ ಕೈ ಇಟ್ಟುಕೊಂಡೇ ಸಿಕ್ಕಿಬಿದ್ದ.

"ಏನ್ರೀ, ಈ ವಯಸ್ಸಲ್ಲಿ ಬಸುರಿ ಬಯಕೆಯಾ?"

"ಔಷಧಿ ಕಣೇ. ಬೀಡಿ ಹೊಗೆ ಮೈಯಲ್ಲಿರೋ ಸಿ ವಿಟಮಿನ್ ತಿಂದಾಕ್ತದಂತೆ. ನೆಲ್ಲಿಕಾಯಲ್ಲಿ ಅದೇ ಐತಂತೆ, ರೇಡಿಯೋದಲ್ಲಿ ಹೇಳಿದ್ರು. ಅದಕ್ಕೇ ಬೀಡಿಗೊಂದು ಕಾಯಿ. ಅಲ್ಲಿಗಲ್ಲಿಗೆ ಸರಿಹೋಯ್ತು!"

ರೇಡಿಯೋದವರು ಮುಂದಿನ ಮಾತು ಹೇಳುವ ಹೊತ್ತಿಗೆ ಅವನು ಬೀಡಿ ಸೇದಲು ಎದ್ದುಹೋಗಿದ್ದ.

ಬೀರಮ್ಮನಿಗೆ ನಗು ಬರಲಿಲ್ಲ. ತೆಂಗಿನಕಾಯಿ ಸುಲಿಯುವಾಗ ಗಂಡನ ಅಂಗೈಗೆ ಆದ ಗಾಯ ವಾರಗಳಾದರೂ ಮಾಯ್ದಿರಲಿಲ್ಲ. ಟೀ ಅಂಗಡಿಯ ತಿಮ್ಮಯ್ಯ, "ಸಕ್ಕರೆ ಕಾಯಿಲೆ ಕಣ್ಲಾ, ಕೈ ತೆಗೀತಾರೆ" ಎಂದು ಬಿಟ್ಟಿ ತೀರ್ಪು ಕೊಟ್ಟಿದ್ದ. ಅಂದಿನಿಂದ ಸಣ್ಣಯ್ಯ ಆಸ್ಪತ್ರೆಯ ದಾರಿ ತುಳಿದಿರಲಿಲ್ಲ. ಬೀಡಿ ಮಾತ್ರ ಎರಡರಷ್ಟಾಗಿತ್ತು.

ಬೀರಮ್ಮನ ತಂಗಿ ಮಗಳು, ಆಶಾ ಕಾರ್ಯಕರ್ತೆ ಕೋಮಲ, ಇಬ್ಬರನ್ನೂ ಆರೋಗ್ಯ ಕೇಂದ್ರಕ್ಕೆ ಹೊರಡಿಸಿಕೊಂಡು ಹೋದಳು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ಸಕ್ಕರೆ ಕಾಯಿಲೆ ಇಲ್ಲ. ಗಾಯ ಮಾಯೋದಕ್ಕೆ ಬೀಡಿನೇ ಅಡ್ಡ. ಕೈ ಉಳಿಯುತ್ತೆ, ಬೀಡಿ ಬಿಡಿ" ಎಂದರು. ಬೀರಮ್ಮ ನೆಮ್ಮದಿಯಿಂದ ಸೆರಗಲ್ಲಿ ಮುಖ ಒರೆಸಿಕೊಂಡಳು.

"ಹಂಗಾದ್ರೆ ಉಪ್ಪಿನಕಾಯಿ?" ಸಣ್ಣಯ್ಯ ಬಿಡಲಿಲ್ಲ.

"ದೊಡ್ಡಪ್ಪ, ಮೇಕೇನ ತೋಟದೊಳಗೇ ಬಿಟ್ಕೊಂಡು ದಿನಾ ಹೊಸ ಸಸಿ ನೆಟ್ರೆ ತೋಟ ಉಳೀತದಾ?" ಎಂದಳು ಕೋಮಲ. "ಸೇದೋರಿಗೆ ಸಿ ವಿಟಮಿನ್ ಬೇರೆಯವರಿಗಿಂತ ಜಾಸ್ತಿ ಬೇಕು, ನಿಜ. ಸೀಬೆ, ನಿಂಬೆ, ನೆಲ್ಲಿ ತಿನ್ನಿ. ಆದ್ರೆ ಹೊಗೆ ಮಾಡೋ ಹಾನಿನ ಯಾವ ಕಾಯೂ ತೊಳೆಯಲ್ಲ. ಉಪ್ಪಿನಕಾಯಿ ಹಿಂಗೆ ತಿಂದ್ರೆ ಬಿಪಿ ಬೇರೆ ಏರ್ತದೆ. ಡಾಕ್ಟರನ್ನ ಕೇಳ್ದೆ ವಿಟಮಿನ್ ಮಾತ್ರೆನೂ ನುಂಗ್ಬೇಡಿ. ಸೇದೋರಿಗೆ ಕೆಲವು ಕೇಡೇ ಮಾಡ್ತವೆ."

"ಮೊದ್ಲು ಮೇಕೆ ಹೊರಗಟ್ಟು ಅಂತೀಯ."

"ಹೂಂ ಮತ್ತೆ!"

ಸಣ್ಣಯ್ಯ ಬೀಡಿಕಟ್ಟು ತೆಗೆದು ಹೆಂಡತಿಯ ಕೈಗಿಟ್ಟ. ಒಂದೇ ಏಟಿಗೆ ಬಿಟ್ಟನೆಂದರೆ ಸುಳ್ಳಾದೀತು. ತಿಮ್ಮಯ್ಯನ ಅಂಗಡಿಯಲ್ಲಿ ಮನಸ್ಸು ಜಾರಿ ಸೇದಿದ, ಬೈಸಿಕೊಂಡ, ಮತ್ತೆ ಡಾಕ್ಟರ ಹತ್ತಿರ ಹೋದ, ಮತ್ತೆ ಬಿಟ್ಟ. ಗಾಯ ಕೂಡಿಕೊಂಡಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ತೋಟಕ್ಕೂ ಮೇಕೆ ನುಗ್ಗಿದೆಯೇ? ಹಣ್ಣು ತಿನ್ನಿ, ಬೀಡಿ ಸಿಗರೇಟು ಬಿಡಿ. ಬಿಡಲಾಗದಿದ್ದರೆ ನಾಚದೆ ಆರೋಗ್ಯ ಕೇಂದ್ರದಲ್ಲಿ ಕೇಳಿ, ಟೀ ಅಂಗಡಿಯಲ್ಲಿ ಬೇಡ.

ಮರುವರ್ಷ ಬೀರಮ್ಮನ ಉಪ್ಪಿನಕಾಯಿ ಗೌರಿಹಬ್ಬದವರೆಗೂ ಬಂತು.