ಅವಳ ಕೈಗೆ ಕಟ್ಟಿದ ಪಟ್ಟಿ

ಧಡ್, ಅಚ್ಚು ಇಳಿಯಿತು, ಅದಕ್ಕೂ ಮುಂಚೆ, ಬೆರಳು ಅಚ್ಚಿಗೆ ಸಿಗದಿರಲೆಂದು ಹಗ್ಗದಿಂದ ಯಂತ್ರಕ್ಕೆ ಬಿಗಿದ ಪಟ್ಟಿ ಅವಳ ಎರಡೂ ಮಣಿಕಟ್ಟುಗಳನ್ನು ಹಿಂದಕ್ಕೆ ಎಳೆದುಕೊಂಡಿತು, ತಗಡು ಮುಚ್ಚಳವಾಗಿ ಬಿತ್ತು, ಇನ್ನೊಂದು ತಗಡು, ಮತ್ತೆ ಎಳೆತ, ಈ ಯಂತ್ರಕ್ಕಿರುವ ಕನಿಕರ ಮನುಷ್ಯರಿಗಿಲ್ಲ ಎಂದುಕೊಂಡವಳು ನಾಲಿಗೆ ಕಚ್ಚಿಕೊಂಡಳು, ಗುಬ್ಬಿಗೆ ಅದೇನು ಕನಿಕರ ತೋರಿಸಿತು? ಗುಬ್ಬಿ — ಪಕ್ಕದ ಯಂತ್ರದ ಹುಡುಗಿ, ಬಾಯಿಬಡಕಿ, ಹೋದ ವಾರ ಇವಳ ಯಂತ್ರದಲ್ಲೇ ಎರಡು ಬೆರಳು ಕಳೆದುಕೊಂಡವಳು. ಪಟ್ಟಿಯ ಹಗ್ಗವನ್ನು ಅವರವರ ಕೈಯಳತೆಗೆ ಬಿಗಿಯಬೇಕು, ಇದು ಇವಳ ಗಿಡ್ಡ ಕೈಗೆ ಬಿಗಿದದ್ದು, ಅಂದು ಇವಳನ್ನು ಪ್ಯಾಕಿಂಗಿಗೆ ಅಟ್ಟಿ ಇಲ್ಲಿಗೆ ಗುಬ್ಬಿಯನ್ನು ತಂದರು, ಅವಳದೋ ಉದ್ದುದ್ದ ಬೆರಳು, ಹಗ್ಗ ಬದಲಿಸಿ ಸಾರ್ ಎಂದು ಇವಳು ಅಂದರೆ ಸೂಪರ್‌ವೈಸರ್ ಗಡಿಯಾರ ನೋಡಿದ, ಒಂದಿನಕ್ಕೆ ಏನೂ ಆಗಲ್ಲ, ಪಟ್ಟಿ ಕಟ್ಟಿ ಕೂರ್ಸಮ್ಮ. ಪಟ್ಟಿಯಿಂದಾಚೆ ಚಾಚಿಕೊಂಡು, ಎಳೆದರೂ ಅಚ್ಚಿನಡಿಯೇ ಉಳಿದ ಆ ಬೆರಳು — ಬೇಡ, ಅದನ್ನು ನೋಡಬಾರದು, ತಗಡು ನೋಡು. ಪ್ಯಾಕಿಂಗಿನಿಂದ ಓಡಿಬಂದು, ರಕ್ತ ಕಂಡ ಗಾಬರಿಯಲ್ಲಿ ಎಲ್ಲರೆದುರೂ ಹೇಳಿಬಿಟ್ಟಿದ್ದಳು, ಹಗ್ಗ ಬದಲಿಸಲಿಲ್ಲ ಇವರು ಅಂತ, ಈಗ ಅದನ್ನು ವಾಪಸ್ ತಗೋಬೇಕಂತೆ, ಧಣಿಯ ಮಾತನ್ನು ಸೂಪರ್‌ವೈಸರ್ ತಂದ, ತನಿಖೆಗೆ ಅಧಿಕಾರಿ ಬಂದಿದ್ದಾರೆ, ಹುಡುಗಿ ಪಟ್ಟಿ ಕಟ್ಕೊಂಡೇ ಇರ್ಲಿಲ್ಲ ಅಂದ್ಬಿಡು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಇವರಿಗೆ ಮಾತ್ರ ಆಡಿದ್ದೂ ಮರಳಿ ಕೈಗೆ ಸಿಗುತ್ತದೆ. ಬೆಳಿಗ್ಗೆ ಗಂಡನೂ ಅದನ್ನೇ ಅಂದ, ಇದೇ ಕಾರ್ಖಾನೆಯ ಲಾರಿ ಓಡಿಸುವವನು, ನೀರಲ್ಲಿದ್ದು ಮೊಸಳೆ ಜೊತೆ ಹಗೆ ಯಾಕೆ, ಇಬ್ಬರ ಕೆಲ್ಸಾನೂ ಹೋಗುತ್ತೆ, ಹಿಂದೆ ಸರಿ, ಅನ್ನುವಾಗ ಅವನ ದನಿ ನಡುಗಿತು, ಅವಳಿಗೆ ಪಾಪ ಅನಿಸಿತು. ತಾನೇನು ಕಡಿಮೆಯೇ, ಆಸ್ಪತ್ರೆಯಲ್ಲಿ ಗುಬ್ಬಿ ಬ್ಯಾಂಡೇಜಿನ ಕೈ ಚಾಚಿದಾಗ ಹೆದರಿ ಕೈ ಹಿಂದೆಗೆದವಳು, ಗುಬ್ಬಿ ನಕ್ಕಳು, ಕಚ್ಚಲ್ಲ ಅಕ್ಕಾ ಅದು.

ಸೂಪರ್‌ವೈಸರ್ ಸನ್ನೆ ಮಾಡಿದ. ಪಟ್ಟಿ ಬಿಚ್ಚಿದಳು, ಕೈ ಹಗುರ, ಎದ್ದು ನಡೆದಳು, ಯಂತ್ರಗಳ ಸಾಲಿನ ಹೆಂಗಸರು ಯಾರೂ ತಲೆಯೆತ್ತುವುದಿಲ್ಲ, ನಿನ್ನೆ ಮೊನ್ನೆ ಜೊತೆಗೆ ಅತ್ತವರು, ಕೋಣೆಯ ಬಾಗಿಲು, ಧಣಿಯ ನಗು, ಅಧಿಕಾರಿಯ ಕನ್ನಡಕ, ಕೂತ್ಕೊಳ್ಳಮ್ಮ, ಹೆದರಬೇಡ, ಹೆದರಬೇಡ ಅಂದಾಗಲೇ ಹೆದರಿಕೆ, ಕುರ್ಚಿಯ ತುದಿಗೆ ಕೂತಳು, ಹೇಳಮ್ಮ, ಆ ಹುಡುಗಿ ಪಟ್ಟಿ ಕಟ್ಕೊಂಡಿದ್ಲಾ? ಸೂಪರ್‌ವೈಸರ್ ಕೆಮ್ಮಿದ. ಇಲ್ಲ ಅಂದರಾಯಿತು, ಎರಡಕ್ಷರ, ಗಂಡನ ಲಾರಿ ಉಳಿಯುತ್ತದೆ, ಒಲೆ ಉರಿಯುತ್ತದೆ, ಇಲ್ಲ ಅನ್ನು, ಅನ್ನೇ, ಬಾಯಿ ತೆರೆಯಿತು, ಕಟ್ಕೊಂಡಿದ್ಲು ಸಾರ್, ಅವಳ ಕೈಗೆ ಕಟ್ಟಿದ್ದೇ ನಾನು. ಧಣಿಯ ನಗು ಎಲ್ಲಿ ಹೋಯಿತು, ಇನ್ನು ತನ್ನ ತಲೆಗೇ ಕಟ್ಟುತ್ತಾರೆ, ಕೆಲಸ ಹೋಯಿತು, ಗಂಡನಿಗೇನು ಹೇಳಲಿ, ಮುಂದೆ ಹೇಳಮ್ಮ ಎನ್ನುತ್ತಿದ್ದಾರೆ ಅಧಿಕಾರಿ, ಹಗ್ಗದ ಮಾತು ಇನ್ನೂ ಬಾಕಿ, ಕಣ್ಣ ಮುಂದೆ ಬಕಲ್ ಬಿಗಿಯುವಾಗ ಗುಬ್ಬಿ ಅಲ್ಲಾಡದೆ ಹಿಡಿದುಕೊಟ್ಟ ಕೈ, ಪಟ್ಟಿಯಿಂದಾಚೆ ಚಾಚಿದ ಉದ್ದ ಬೆರಳುಗಳು, ಆಗಿನ್ನೂ ಐದೂ ಬೆರಳು